ಉಪ್ಪುಗಾಳಿಯ ಊರಲ್ಲಿ ಕಾರಿನ ಹೊಳಪು: ಮನೆಯಲ್ಲೇ ಪಾಲಿಶ್, ವ್ಯಾಕ್ಸ್ ಮಾಡುವ ಬಗೆ

ಮಳೆಗಾಲ ಮುಗಿದು ಆಯುಧ ಪೂಜೆ ಹತ್ತಿರ ಬಂತು ಅಂದರೆ ನಮ್ಮ ಕಾರವಾರದ ಓಣಿಗಳಲ್ಲಿ ಎಲ್ಲಿ ನೋಡಿದರೂ ಕಾರು ತೊಳೆಯುವವರು. ನಾಲ್ಕು ತಿಂಗಳ ಕೆಂಪು ಕೆಸರು, ಕಿಟಕಿಯ ರಬ್ಬರ್ ಸಂದಿಯಲ್ಲಿ ಹಸಿರು ಪಾಚಿ. ಎಲ್ಲ ತೊಳೆದು ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ಮಂಕಾಗಿ ಕಾಣುತ್ತದೆ. ಬೆಳಕು ಬಿದ್ದ ಕಡೆ ಜೇಡರ ಬಲೆಯ ಹಾಗೆ ಸುತ್ತಲೂ ಸಣ್ಣ ಗೆರೆಗಳು. ‘ಒಂದು ಪಾಲಿಶ್ ಹೊಡೆಸಿಬಿಡೋಣ’ ಅನ್ನಿಸುವುದು ಆಗಲೇ.

ನನಗೂ ಹಾಗೇ ಅನ್ನಿಸಿತ್ತು. ನನ್ನ ಮೊದಲ ಕಾರು ಕಡು ನೀಲಿ ಬಣ್ಣದ್ದು. ಒಂದು ಕಡೆ ಕೊಟ್ಟು ರಬ್ಬಿಂಗ್ ಪಾಲಿಶ್ ಮಾಡಿಸಿದೆ. ಮನೆಗೆ ತಂದ ದಿನ ಕನ್ನಡಿಯ ಹಾಗಿತ್ತು. ಎರಡು ಸಲ ತೊಳೆದ ಮೇಲೆ ಮೊದಲಿಗಿಂತ ಜಾಸ್ತಿ ಗೆರೆಗಳು ಕಂಡವು. ಬಾನೆಟ್ಟಿನ ಅಂಚಲ್ಲಿ ಬೆರಳಗಲ ಬಣ್ಣ ಹೋಗಿ ಬೂದು ಪ್ರೈಮರ್ ಇಣುಕುತ್ತಿತ್ತು. ಗೆರೆಗಳೊಳಗೆ ಎಣ್ಣೆಯಂಥ ಪದಾರ್ಥ ತುಂಬಿ ಮುಚ್ಚಿದ್ದರು. ಶಾಂಪೂ ಬಿದ್ದ ಕೂಡಲೇ ಅದು ಹೋಯಿತು. ಸವೆದ ಬಣ್ಣ ಮಾತ್ರ ವಾಪಸ್ ಬರಲಿಲ್ಲ. ಅವತ್ತಿನಿಂದ ಈ ಕೆಲಸವನ್ನು ನಾನೇ ಮನೆಯ ಪೋರ್ಚಿನಲ್ಲಿ ಮಾಡುತ್ತಿದ್ದೇನೆ. ಕಷ್ಟದ ಕೆಲಸ ಅಲ್ಲ, ಆದರೆ ಅವಸರದ ಕೆಲಸವೂ ಅಲ್ಲ.

ಸವೆಸುವುದು ಬೇರೆ, ಹೊದಿಸುವುದು ಬೇರೆ

ಈಗಿನ ಕಾರಿನ ತಗಡಿನ ಮೇಲೆ ಪದರ ಪದರವಾಗಿ ಬಣ್ಣ ಇರುತ್ತದೆ. ಮೊದಲು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಇದ್ದರೆ ಹೆಚ್ಚು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಹೊಳಪು ಕೊಡುವುದು, ಬಿಸಿಲಿನ ಅತಿನೇರಳೆ ಕಿರಣ ತಡೆಯುವುದು, ಎರಡೂ ಕೂದಲಿಗಿಂತ ತೆಳುವಾದ ಈ ಕ್ಲಿಯರ್ ಕೋಟಿನದೇ ಕೆಲಸ.

ಪಾಲಿಶ್ ಅಂದರೆ ಆ ಪದರವನ್ನು ಅತಿ ನುಣ್ಣಗೆ ಸವೆಸುವುದು. ಗೆರೆಯ ಅಕ್ಕಪಕ್ಕದ ದಡ ಸವೆದು ಮಟ್ಟವಾದಾಗ ಗೆರೆ ಮಾಯವಾಗುತ್ತದೆ. ಕಾಂಪೌಂಡ್ ಅಂದರೆ ಅದೇ ಕೆಲಸ, ಇನ್ನೂ ಒರಟಾಗಿ. ವ್ಯಾಕ್ಸ್ ಏನನ್ನೂ ಸವೆಸುವುದಿಲ್ಲ. ಉಳಿದ ಪದರದ ಮೇಲೆ ಹೊದಿಕೆಯಾಗಿ ಕೂರುತ್ತದೆ. ಅಂಗಡಿಯಲ್ಲಿ ಎರಡನ್ನೂ ‘ಪಾಲಿಶ್’ ಅಂತಲೇ ಕರೆಯುವುದರಿಂದ ಗೊಂದಲ ಆಗುತ್ತದೆ. ಡಬ್ಬಿಯ ಮೇಲೆ ಬರೆದದ್ದನ್ನು ಓದಿಯೇ ತೆಗೆದುಕೊಳ್ಳಿ.

ಪಾಲಿಶ್ ವರ್ಷಕ್ಕೊಂದು ಸಲ ಮಾಡುವ ಹಬ್ಬ ಅಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ, ನಿಜವಾಗಿ ಬೇಕಾದಾಗ ಸಾಕು. ವ್ಯಾಕ್ಸ್ ಎಷ್ಟು ಸಲ ಹಚ್ಚಿದರೂ ನಷ್ಟ ಇಲ್ಲ. ಪಾಲಿಶ್ ಬೇಕಾಗುವ ಹಾಗೆ ಮಾಡುವುದೇ ನಮ್ಮ ತೊಳೆಯುವ, ಒರೆಸುವ ರೀತಿ. ಹಾಗಾಗಿ ನಾನು ತೊಳೆಯುವುದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ನಮ್ಮ ಕರಾವಳಿಯಲ್ಲಿ ಪೇಂಟಿಗೆ ಬೀಳುವ ಪೆಟ್ಟು

ಉಪ್ಪುಗಾಳಿ ಪೇಂಟನ್ನು ತಿನ್ನುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸರಿಯಾಗಿ ಹೇಳಬೇಕು ಅಂದರೆ, ಗಟ್ಟಿಯಾಗಿರುವ ಪೇಂಟನ್ನು ಉಪ್ಪು ಅಷ್ಟಾಗಿ ಏನೂ ಮಾಡುವುದಿಲ್ಲ. ಎಲ್ಲಿ ಕಲ್ಲು ಸಿಡಿದು ಪೇಂಟ್ ಹಾರಿದೆಯೋ ಅಲ್ಲಿ ತಗಡಿಗೆ ತಗಲುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಇಲ್ಲದಿದ್ದರೂ ಆ ಜಾಗ ಒದ್ದೆಯಾಗಿಯೇ ಇರುತ್ತದೆ, ತುಕ್ಕು ಪೇಂಟಿನ ಕೆಳಗೆ ಹರಿಯುತ್ತದೆ. ಬೈತಖೋಲದಲ್ಲೋ ಟ್ಯಾಗೋರ್ ಕಡಲತೀರದ ಹತ್ತಿರವೋ ದಿನಾ ಕಾರು ನಿಲ್ಲಿಸುವವರು ವ್ಯಾಕ್ಸಿಗಿಂತ ಮೊದಲು ಇಂಥ ಚುಕ್ಕೆಗಳನ್ನು ಹುಡುಕಬೇಕು.

66ನೇ ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಓಡಿದರೆ ಬಾನೆಟ್ಟಿನ ಮುಂದಿನ ಅಂಚಿಗೆ ಈ ಕಲ್ಲೇಟು ತಪ್ಪಿದ್ದಲ್ಲ. ನಿಮ್ಮ ಕಾರಿನ ಬಣ್ಣದ ಕೋಡ್ ಬಾಗಿಲ ಪಕ್ಕದ ಕಂಬದ ಮೇಲೋ ಬಾನೆಟ್ ಒಳಗಿನ ಪಟ್ಟಿಯ ಮೇಲೋ ಇರುತ್ತದೆ. ಆ ಕೋಡಿನ ಟಚ್‌ಅಪ್ ಬಣ್ಣ ತಂದು, ಚುಕ್ಕೆಯನ್ನು ತೊಳೆದು ಒಣಗಿಸಿ, ಸಣ್ಣ ಕಡ್ಡಿಯ ತುದಿಯಿಂದ ತೆಳುವಾಗಿ ಎರಡು ಮೂರು ಸಲ ತುಂಬಿ. ನೋಡಲು ಅಷ್ಟೇನೂ ಚೆಂದ ಕಾಣದಿದ್ದರೂ ತುಕ್ಕು ನಿಲ್ಲುತ್ತದೆ.

ಗಟ್ಟದ ಮೇಲೆ ಕಥೆ ಬೇರೆ. ನಮ್ಮ ಮಾವನ ಮನೆ ಸಿರ್ಸಿ ಹತ್ತಿರ. ದೇವಿಮನೆ ಘಟ್ಟ ಹತ್ತಿದ ಮೇಲೆ ಉಪ್ಪಿನ ಕಾಟ ಇಲ್ಲ, ಮರಗಳ ಕಾಟ ಇದೆ. ಮಾವಿನ ಮರ ಹೂ ಬಿಟ್ಟಾಗ ಜಿಗಿಹುಳು ಉಗುಳುವ ಅಂಟು ಕಾರಿನ ತುಂಬ ಕೂರುತ್ತದೆ. ಹಲಸಿನ ಮೇಣ, ಗೇರುಹಣ್ಣಿನ ರಸ, ಅಡಿಕೆ ಚೊಗರು, ಹಕ್ಕಿ ಮತ್ತು ಬಾವಲಿ ಹಿಕ್ಕೆ. ಇದರಲ್ಲಿ ಹಿಕ್ಕೆ ಎಲ್ಲಕ್ಕಿಂತ ಕೆಟ್ಟದ್ದು. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗುತ್ತದೆ, ಸಂಜೆ ತಣ್ಣಗಾಗುವಾಗ ಒಣಗಿದ ಹಿಕ್ಕೆಯ ಸುತ್ತ ಕುಗ್ಗಿ ಅದರ ಅಚ್ಚು ಹಿಡಿಯುತ್ತದೆ. ಕಂಡ ದಿನವೇ ತೆಗೆಯಿರಿ. ಒದ್ದೆ ಟಿಶ್ಯೂ ಅಥವಾ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲೆ ಇಟ್ಟು, ನೆಂದ ಮೇಲೆ ಎತ್ತಿ. ಉಜ್ಜಬೇಡಿ.

ಹಲಸಿನ ಮೇಣಕ್ಕೆ ನಮ್ಮ ಅಡುಗೆಮನೆಯ ಉಪಾಯವೇ ಇಲ್ಲೂ ನಡೆಯುತ್ತದೆ. ಕೈಗೆ ಹಚ್ಚುವ ಹಾಗೆ ತೆಂಗಿನೆಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮೆತ್ತಗೆ ಒರೆಸಿ, ಶಾಂಪೂ ಹಾಕಿ ತೊಳೆಯಿರಿ. ರಸ್ತೆಯ ಡಾಂಬರಿನ ಚುಕ್ಕೆಗೂ ಇದೇ ಮದ್ದು, ಎರಡು ಮೂರು ಸಲ ಮಾಡಬೇಕು ಅಷ್ಟೆ.

ಯಾವಾಗ, ಎಲ್ಲಿ?

ಪೂರ್ತಿ ಕೆಲಸಕ್ಕೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆ ಸಮಯ. ಬಾವಿಯಲ್ಲಿ ಸಿಹಿನೀರು ತುಂಬಿರುತ್ತದೆ. ಕಾಳಿ ನದಿಯ ಅಳಿವೆ ಹತ್ತಿರದ, ಕಡಲ ಪಕ್ಕದ ಬಾವಿಗಳಲ್ಲಿ ಏಪ್ರಿಲ್-ಮೇ ಹೊತ್ತಿಗೆ ನೀರು ಸವಳಾಗುತ್ತದೆ. ಆ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಬಿಳಿ ಚುಕ್ಕೆ ಖಚಿತ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಇನ್ನೊಂದು ಸಲ ಬರೀ ವ್ಯಾಕ್ಸ್ ಹಚ್ಚಿದರೆ ಮಳೆಗಾಲಕ್ಕೆ ಸಿದ್ಧ.

ಬೆಳಗ್ಗೆ ಬೇಗ ಶುರು ಮಾಡಿ. ಹೊತ್ತೇರಿದ ಮೇಲೆ ಗಾಳಿ ಕಡಲಿನಿಂದ ಬೀಸತೊಡಗುತ್ತದೆ, ಮಧ್ಯಾಹ್ನಕ್ಕೆ ಜೋರಾಗುತ್ತದೆ. ತೊಳೆದ ಪೇಂಟಿನ ಮೇಲೆ ಉಪ್ಪು, ಮರಳಿನ ಪುಡಿ ಕೂತರೆ ಉಜ್ಜುವಾಗ ಅದೇ ಮರಳುಕಾಗದ ಆಗುತ್ತದೆ. ನೆರಳು ಬೇಕೇ ಬೇಕು. ಅಂಗೈ ಇಟ್ಟರೆ ಬಾನೆಟ್ ತಣ್ಣಗಿರಬೇಕು.

ಬೇಕಾಗುವ ಸಾಮಾನು

ಎರಡು ಬಕೆಟ್, ಕಾರ್ ಶಾಂಪೂ, ಮೈಕ್ರೋಫೈಬರ್ ಕೈಗವಸು, ಒರೆಸಲು ದಪ್ಪ ಮೈಕ್ರೋಫೈಬರ್ ಟವೆಲ್ ಎರಡು, ವ್ಯಾಕ್ಸಿಗೆ ತೆಳು ಬಟ್ಟೆ ಐದಾರು. ಕ್ಲೇ ಬಾರ್ ಒಂದು, ಅಂದರೆ ಪೇಂಟಿಗೆ ಕಚ್ಚಿದ ಕಣ ಎತ್ತುವ ಜೇಡಿಮಣ್ಣಿನಂಥ ಮೆತ್ತನೆ ಮುದ್ದೆ. ಮಾಸ್ಕಿಂಗ್ ಟೇಪ್. ಒಳ್ಳೆ ಟಾರ್ಚ್. ಪಾಲಿಶ್ ಮಾಡುವುದಿದ್ದರೆ ಪಾಲಿಶ್, ಫೋಮ್ ಪ್ಯಾಡ್, ಸಾಧ್ಯವಾದರೆ ಡಿಎ (ಡ್ಯುಯಲ್ ಆ್ಯಕ್ಷನ್) ಪಾಲಿಶ್ ಮೆಷಿನ್. ಬಟ್ಟೆಗಳನ್ನು ಮನೆಯ ಬಟ್ಟೆಯ ಜೊತೆ ಒಗೆಯಬೇಡಿ, ಕಂಫರ್ಟ್ ತರಹದ ಮೆದುಕಾರಕ ಹಾಕಲೇಬೇಡಿ, ನೀರು ಹೀರುವ ಗುಣ ಹೋಗುತ್ತದೆ. ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಪೇಂಟಿಗೆ ತಾಗಬಾರದು.

ಹೆಜ್ಜೆ 1: ತೊಳೆಯುವುದು

ಮೊದಲು ಬರೀ ನೀರು. ಕಾರನ್ನು ಮುಟ್ಟದೆ ಮೇಲಿಂದ ಕೆಳಗೆ ಧಾರಾಳವಾಗಿ ನೀರು ಬಿಡಿ. ಚಕ್ರದ ಒಳಗಿನ ಕಮಾನು, ಬಾಗಿಲ ಕೆಳಭಾಗ, ತಳಭಾಗಕ್ಕೆ ಪೈಪ್ ಒಡ್ಡಿ. ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣು ಒಣಗಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಹತ್ತು ನಿಮಿಷ ನೆನೆಯಲು ಬಿಟ್ಟು ಮತ್ತೆ ನೀರು ಹಾಕಿದರೆ ಮುಕ್ಕಾಲು ಭಾಗ ತಾನಾಗಿ ಇಳಿಯುತ್ತದೆ. ಈ ತಾಳ್ಮೆ ಇದ್ದರೆ ಅರ್ಧ ಗೆರೆಗಳು ಹುಟ್ಟುವುದೇ ಇಲ್ಲ.

ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಬಾಗಿಲಷ್ಟು ಜಾಗ ಒರೆಸಿ. ಆಮೇಲೆ ಬರೀ ನೀರಲ್ಲಿ ಅದ್ದಿ ಹಿಂಡಿ, ಮತ್ತೆ ಶಾಂಪೂ. ಆ ಎರಡನೇ ಬಕೆಟ್ಟಿನ ತಳದಲ್ಲಿ ಕೂರುವ ಮರಳನ್ನು ಒಮ್ಮೆ ನೋಡಿ. ಒಂದೇ ಬಕೆಟ್ ಆಗಿದ್ದರೆ ಅದೆಲ್ಲ ವಾಪಸ್ ಪೇಂಟಿಗೇ ಹೋಗುತ್ತಿತ್ತು ಅಲ್ವಾ? ಟಾಪು, ಗಾಜು, ಬಾನೆಟ್, ಡಿಕ್ಕಿ, ಬಾಗಿಲು, ಕೊನೆಗೆ ಕೆಳಭಾಗ. ಕೈ ಉದ್ದಕ್ಕೆ ನೇರವಾಗಿ ಓಡಲಿ, ಸುತ್ತು ಸುತ್ತು ಬೇಡ. ಚಕ್ರಕ್ಕೆ ಬೇರೆ ಬಟ್ಟೆ, ಬೇರೆ ನೀರು.

ಪಾತ್ರೆ ತೊಳೆಯುವ ಲಿಕ್ವಿಡ್ ದಿನನಿತ್ಯಕ್ಕೆ ಬೇಡ. ಅದು ಹಚ್ಚಿದ ವ್ಯಾಕ್ಸನ್ನೂ ಎತ್ತಿಕೊಂಡು ಹೋಗುತ್ತದೆ. ಬಟ್ಟೆ ಸೋಪಿನ ಪುಡಿ ಇನ್ನೂ ಖಾರ.

ತೊಳೆದ ಮೇಲೆ ಟವೆಲ್ ಹರಡಿ ಮೆತ್ತಗೆ ಎಳೆಯಿರಿ, ಇಲ್ಲವೇ ಒತ್ತಿ ಎತ್ತಿ. ಕಿಟಕಿ ಪಟ್ಟಿ, ಕನ್ನಡಿ, ನಂಬರ್ ಪ್ಲೇಟಿನ ಸಂದಿಯಿಂದ ಆಮೇಲೆ ನೀರು ಇಳಿಯುತ್ತದೆ, ಕಾದು ಒರೆಸಿ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಮಳೆಗಾಲದಲ್ಲಿ ಎಲೆ, ಮಣ್ಣು ಕಟ್ಟಿಕೊಂಡು ನೀರು ಒಳಗೇ ನಿಲ್ಲುತ್ತದೆ, ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ. ತೆಂಗಿನ ಗರಿಯ ಕಡ್ಡಿಯಿಂದ ಬಿಡಿಸಿ.

ಈಗಾಗಲೇ ಬಿಳಿ ನೀರಿನ ಚುಕ್ಕೆ ಇದ್ದರೆ ವಿನೆಗರಿಗೆ ಅಷ್ಟೇ ನೀರು ಸೇರಿಸಿ ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಇಟ್ಟು ತೊಳೆದುಬಿಡಿ. ಹೋಗದಿದ್ದರೆ ಚುಕ್ಕೆ ಕ್ಲಿಯರ್ ಕೋಟಿಗೆ ಇಳಿದಿದೆ, ಅದಕ್ಕೆ ಪಾಲಿಶೇ ಬೇಕು.

ಹೆಜ್ಜೆ 2: ಕ್ಲೇ ಬಾರ್

ಒಣಗಿದ ಕಾರಿನ ಮೇಲೆ, ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬೆರಳು ಆಡಿಸಿ. ತೊಳೆದ ಪೇಂಟೂ ರವೆ ಹರಡಿದ ಹಾಗೆ ತರಿತರಿ ಸಿಗುತ್ತದೆ. ಬ್ರೇಕಿನ ಪುಡಿ, ಕಬ್ಬಿಣದ ಕಣ, ಮರದ ಅಂಟು, ಎಲ್ಲ ಪೇಂಟಿಗೆ ಕಚ್ಚಿಕೊಂಡಿರುತ್ತದೆ. ರೈಲು ನಿಲ್ದಾಣದ ಹತ್ತಿರ ದಿನಾ ಕಾರು ನಿಲ್ಲಿಸುವವರಿಗೆ, ಅಂದರೆ ಶಿರವಾಡದ ಕಡೆಯವರಿಗೆ, ಹಳಿಯಿಂದ ಹಾರುವ ಕಬ್ಬಿಣದ ಪುಡಿ ಇನ್ನೂ ಜಾಸ್ತಿ. ಬಿಳಿ ಕಾರಿನಲ್ಲಿ ಇದು ಕಂದು ಚುಕ್ಕೆಯಾಗಿ ಕಾಣುತ್ತದೆ. ಕಬ್ಬಿಣ ತೆಗೆಯುವ ಸ್ಪ್ರೇ ಸಿಗುತ್ತದೆ. ಸಿಂಪಡಿಸಿದರೆ ಕಣ ಇರುವ ಕಡೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಒಣಗುವ ಮೊದಲು ತೊಳೆಯಬೇಕು.

ಕ್ಲೇ ಬಾರನ್ನು ಮೂರು ನಾಲ್ಕು ತುಂಡು ಮಾಡಿ. ಒಂದನ್ನು ರೊಟ್ಟಿಯ ಹಾಗೆ ತಟ್ಟಿ. ಪೇಂಟಿನ ಮೇಲೆ ಶಾಂಪೂ ನೀರು ಧಾರಾಳವಾಗಿ ಸಿಂಪಡಿಸಿ, ಒಂದೂವರೆ ಅಡಿ ಜಾಗದಲ್ಲಿ ಹಿಂದೆ ಮುಂದೆ ಜಾರಿಸಿ. ಒತ್ತಬೇಡಿ. ಮೊದಲು ತಡೆದ ಹಾಗೆ ಆಗುತ್ತದೆ, ಆಮೇಲೆ ಗಾಜಿನ ಮೇಲೆ ಜಾರಿದ ಹಾಗೆ. ಅಷ್ಟಾದರೆ ಅಲ್ಲಿ ಮುಗಿಯಿತು. ಕೊಳೆ ಒಳಗೆ ಹೋಗುವ ಹಾಗೆ ಮಡಚಿ ಹೊಸ ಮುಖ ಮಾಡಿಕೊಳ್ಳಿ. ನೆಲಕ್ಕೆ ಬಿದ್ದರೆ ಆ ತುಂಡನ್ನು ಎಸೆದುಬಿಡಿ, ತೊಳೆದರೂ ಮರಳು ಹೋಗುವುದಿಲ್ಲ. ತುಂಡು ಮಾಡಲು ಹೇಳಿದ್ದು ಇದಕ್ಕೇ.

ಹೆಜ್ಜೆ 3: ಪಾಲಿಶ್ ಬೇಕಾ ಅಂತ ನೋಡುವುದು

ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಜೇಡರ ಬಲೆಯಂಥ ಸುಳಿಗೆರೆ ದಟ್ಟವಾಗಿದ್ದರೆ, ಮಂಕಿದ್ದರೆ ಪಾಲಿಶ್ ಮಾಡಿ. ಅಲ್ಲೊಂದು ಇಲ್ಲೊಂದು ಇದ್ದರೆ ಬಿಟ್ಟು ನೇರ ವ್ಯಾಕ್ಸಿಗೆ ಹೋಗಿ. ಉಗುರು ಆಡಿಸಿದಾಗ ಸಿಕ್ಕಿಹಾಕಿಕೊಳ್ಳುವ ಗೀರು ಪಾಲಿಶಿಗೆ ಹೋಗುವುದಿಲ್ಲ. ಹಟ ಹಿಡಿದು ಉಜ್ಜಿದರೆ ಸುತ್ತಲಿನ ಕ್ಲಿಯರ್ ಕೋಟ್ ಹೋಗುತ್ತದೆ. ಗೀರಿನ ಜೊತೆ ಬದುಕಲು ಕಲಿಯಬೇಕು, ಅಥವಾ ಟಚ್‌ಅಪ್ ಮಾಡಬೇಕು.

ಮ್ಯಾಟ್ ಬಣ್ಣದ ಕಾರಿಗೆ ಪಾಲಿಶ್, ವ್ಯಾಕ್ಸ್ ಎರಡೂ ಬೇಡ. ಇತ್ತೀಚೆಗೆ ಗ್ಯಾರೇಜಿನಲ್ಲಿ ಪೇಂಟ್ ಮಾಡಿಸಿದ ಭಾಗಕ್ಕೆ ಎರಡು ಮೂರು ತಿಂಗಳು ವ್ಯಾಕ್ಸ್ ಹಚ್ಚಬೇಡಿ, ಬಣ್ಣ ಪೂರ್ತಿ ಆರಬೇಕು. ಹಳೆಯ ಬಿಳಿ ಅಥವಾ ಕೆಂಪು ಕಾರುಗಳಲ್ಲಿ ಕ್ಲಿಯರ್ ಕೋಟ್ ಇಲ್ಲದೆಯೂ ಇರಬಹುದು. ಪಾಲಿಶ್ ಮಾಡುವಾಗ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಗಾಬರಿ ಬೇಡ, ಕೈ ಹಗುರ ಮಾಡಿ.

ಹೆಜ್ಜೆ 4: ಪಾಲಿಶ್

ಮೊದಲು ಕಪ್ಪು ಪ್ಲಾಸ್ಟಿಕ್, ರಬ್ಬರ್ ಪಟ್ಟಿ, ಲೋಗೋ, ದೀಪದ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಬಾನೆಟ್ಟಿನ, ಬಾಗಿಲಿನ ಚೂಪು ಏಣುಗಳಿಗೂ ಹಚ್ಚಿ. ಏಣಿನ ಮೇಲೆ ಪೇಂಟ್ ತೆಳುವಾಗಿರುತ್ತದೆ. ನನ್ನ ನೀಲಿ ಕಾರು ಕೆಟ್ಟದ್ದು ಸರಿಯಾಗಿ ಅಲ್ಲೇ.

ಮೆಷಿನ್ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಮನೆಯಲ್ಲಿ ಮಾಡುವವರು ರೋಟರಿ ಮುಟ್ಟಬೇಡಿ. ಅದು ಒಂದೇ ಕಡೆ ಗಿರಗಿರ ತಿರುಗುತ್ತದೆ, ಒಂದು ಜಾಗದಲ್ಲಿ ಸ್ವಲ್ಪ ಹೊತ್ತು ನಿಂತರೂ ಪೇಂಟ್ ಸುಡುತ್ತದೆ. ಡಿಎ ಮೆಷಿನ್ ತಿರುಗುತ್ತಾ ಅಲುಗಾಡುತ್ತದೆ. ಜಾಸ್ತಿ ಒತ್ತಿದರೆ ತಿರುಗುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ ತಪ್ಪು ಆಗುವ ಸಾಧ್ಯತೆ ಕಡಿಮೆ.

ಮೊದಲು ಬಾನೆಟ್ಟಿನ ಒಂದು ಮೂಲೆಯಲ್ಲಿ ಪರೀಕ್ಷೆ. ಅತ್ಯಂತ ನುಣುಪಾದ ಪಾಲಿಶ್, ಮೆತ್ತನೆಯ ಪ್ಯಾಡ್. ಅದರಲ್ಲೇ ಗೆರೆ ಹೋದರೆ ಇಡೀ ಕಾರಿಗೆ ಅದೇ ಸಾಕು. ಹೋಗದಿದ್ದರೆ ಮಾತ್ರ ಸ್ವಲ್ಪ ಗಟ್ಟಿ ಪ್ಯಾಡ್, ಅದಾದ ಮೇಲೆ ಕಾಂಪೌಂಡ್. ಕಾಂಪೌಂಡಿನಿಂದ ಶುರು ಮಾಡುವುದು ಸಣ್ಣ ಮುಳ್ಳು ತೆಗೆಯಲು ಕತ್ತಿ ಹಿಡಿದ ಹಾಗೆ.

ಪ್ಯಾಡಿನ ಮೇಲೆ ಕಡಲೆಕಾಳಿನಷ್ಟು ಗಾತ್ರದ ಮೂರು ನಾಲ್ಕು ಹನಿ. ಮೆಷಿನ್ ಚಾಲು ಮಾಡುವ ಮೊದಲೇ ಪೇಂಟಿಗೆ ತಾಗಿಸಿ ಹನಿ ಹರಡಿ, ಇಲ್ಲದಿದ್ದರೆ ಗೋಡೆಯ ತುಂಬ ಹಾರುತ್ತದೆ. ಒಂದೂವರೆಯಿಂದ ಎರಡು ಅಡಿ ಚೌಕ ಹಿಡಿಯಿರಿ. 1ನೇ ವೇಗದಲ್ಲಿ ಹರಡಿ, 4 ಅಥವಾ 5ಕ್ಕೆ ಏರಿಸಿ. ಮೆಷಿನ್ನಿನ ಭಾರ, ಅದರ ಮೇಲೆ ನಿಮ್ಮ ಕೈಯ ಸ್ವಲ್ಪ ಭಾರ. ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನ ಓಡಿಸಿ. ಗದ್ದೆ ಉಳುವ ಹಾಗೆ ಸಾಲು ಸಾಲು, ಒಂದು ಸಾಲು ಹಿಂದಿನ ಸಾಲಿನ ಅರ್ಧದ ಮೇಲೆ ಬರಬೇಕು. ಒಮ್ಮೆ ಅಡ್ಡ, ಒಮ್ಮೆ ಉದ್ದ, ಹೀಗೆ ನಾಲ್ಕರಿಂದ ಆರು ಸಲ. ಪ್ಯಾಡಿನ ಹಿಂದಿನ ತಟ್ಟೆಗೆ ಪೆನ್ನಲ್ಲಿ ಒಂದು ಗೆರೆ ಹಾಕಿಟ್ಟರೆ ಅದು ತಿರುಗುತ್ತಿದೆಯೋ ಇಲ್ಲವೋ ಕಾಣುತ್ತದೆ. ವೈರನ್ನು ಹೆಗಲ ಮೇಲಿಂದ ಹಾಕಿಕೊಳ್ಳಿ, ಪೇಂಟಿನ ಮೇಲೆ ಎಳೆಯಬಾರದು. ಆಗಾಗ ಕೈ ಇಟ್ಟು ನೋಡಿ, ಬಿಸಿ ಆದರೆ ನಿಲ್ಲಿಸಿ. ಪ್ಲಾಸ್ಟಿಕ್ ಬಂಪರ್ ತಗಡಿಗಿಂತ ಬೇಗ ಕಾಯುತ್ತದೆ.

ಬಟ್ಟೆಯಿಂದ ಒರೆಸಿ ಟಾರ್ಚ್ ಬಿಡಿ. ನೂರಕ್ಕೆ ಎಂಬತ್ತು ಗೆರೆ ಹೋಗಿದ್ದರೆ ಅಲ್ಲಿಗೆ ಬಿಡಿ. ಉಳಿದ ಇಪ್ಪತ್ತಕ್ಕಾಗಿ ಕ್ಲಿಯರ್ ಕೋಟ್ ಕಳೆದುಕೊಳ್ಳುವುದು ಸುಮ್ನೆ ನಷ್ಟ. ಪ್ರತಿ ಭಾಗಕ್ಕೂ ಪ್ಯಾಡನ್ನು ಬ್ರಷ್ಷಿನಲ್ಲಿ ಉಜ್ಜಿ ಸ್ವಚ್ಛ ಮಾಡಿ.

ಮೆಷಿನ್ ಇಲ್ಲದವರು ಕೈಯಲ್ಲೂ ಮಾಡಬಹುದು. ಒಂದು ಅಡಿ ಜಾಗ, ಫೋಮ್ ತುಂಡು, ನುಣುಪಾದ ಪಾಲಿಶ್. ಆಳದ ಸುಳಿಗೆರೆ ಹೋಗದು, ಆದರೆ ಮಂಕು ಚೆನ್ನಾಗಿ ಬಿಡುತ್ತದೆ. ಭುಜ ನೋಯುತ್ತದೆ. ದಿನಕ್ಕೆ ಎರಡು ಭಾಗ ಅಂತ ಇಟ್ಟುಕೊಳ್ಳಿ.

ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ನೀರು ನಾಲ್ಕು ಪಾಲು ಬೆರೆಸಿ ಸಿಂಪಡಿಸಿ ಒರೆಸಿ. ಪಾಲಿಶಿನ ಎಣ್ಣೆ ಹೋಗಿ ನಿಜವಾದ ಪೇಂಟ್ ಕಾಣುತ್ತದೆ. ನನಗೆ ಆದ ಮೋಸ ಈ ಒಂದು ಒರೆಸುವಿಕೆಯಲ್ಲೇ ಗೊತ್ತಾಗುತ್ತಿತ್ತು.

ಹೆಜ್ಜೆ 5: ವ್ಯಾಕ್ಸ್

ಕಾರ್ನೂಬಾ ವ್ಯಾಕ್ಸ್ ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ಕಡು ಬಣ್ಣಗಳಿಗೆ ಬೆಚ್ಚನೆ ಹೊಳಪು ಕೊಡುತ್ತದೆ, ಆದರೆ ನಮ್ಮ ಬಿಸಿಲು-ಮಳೆಗೆ ಒಂದೆರಡು ತಿಂಗಳಲ್ಲಿ ಕರಗಿಹೋಗುತ್ತದೆ. ಸಿಂಥೆಟಿಕ್ ಸೀಲೆಂಟ್, ಅಂದರೆ ವ್ಯಾಕ್ಸಿನ ಹಾಗೇ ಹಚ್ಚುವ ಕೃತಕ ಹೊದಿಕೆ, ನಾಲ್ಕರಿಂದ ಆರು ತಿಂಗಳು ಬರುತ್ತದೆ. ಕರಾವಳಿಯವರಿಗೆ ನನ್ನ ಸಲಹೆ ಸೀಲೆಂಟ್. ಮೇ ಕೊನೆಯಲ್ಲಿ ಹಚ್ಚಿದರೆ ಮಳೆಗಾಲ ಪೂರ್ತಿ ನಿಲ್ಲುತ್ತದೆ. ಸೆರಾಮಿಕ್ ಕೋಟಿಂಗ್ ವರ್ಷಗಟ್ಟಲೆ ಬರುತ್ತದೆ ನಿಜ, ಆದರೆ ಹಚ್ಚುವಾಗ ತಪ್ಪಿದರೆ ಗಟ್ಟಿಯಾದ ಕಲೆಯನ್ನು ಮತ್ತೆ ಪಾಲಿಶ್ ಮಾಡಿಯೇ ತೆಗೆಯಬೇಕು. ಒಂದೆರಡು ವರ್ಷ ವ್ಯಾಕ್ಸ್ ಹಚ್ಚಿ ಕೈ ಕುದುರಿದ ಮೇಲೆ ನೋಡಿ.

ಹಚ್ಚುವ ಗುಟ್ಟು ಒಂದೇ, ತೆಳುವಾಗಿ. ದೋಸೆ ಕಾವಲಿಗೆ ಎಣ್ಣೆ ಸವರುವ ಹಾಗೆ, ಕಂಡೂ ಕಾಣದಷ್ಟು. ದಪ್ಪ ಹಚ್ಚಿದರೆ ಹೊಳಪು ಹೆಚ್ಚುವುದಿಲ್ಲ, ಒರೆಸುವ ಕಷ್ಟ ಹೆಚ್ಚುತ್ತದೆ. ಒಂದೊಂದೇ ಭಾಗ ಮಾಡಿ. ಬೆರಳಿನಿಂದ ಒಮ್ಮೆ ಗೀಚಿ ನೋಡಿ. ಗೀಚಿದ ಜಾಗ ಸ್ವಚ್ಛವಾಗಿ ಹೊಳೆದರೆ ಒರೆಸುವ ಹೊತ್ತು, ಮಸುಕಾಗಿ ಎಳೆದರೆ ಇನ್ನೂ ಕಾಯಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಡಬ್ಬಿಯ ಮೇಲೆ ಬರೆದ ಸಮಯಕ್ಕಿಂತ ಹೆಚ್ಚು ಬೇಕಾಗುತ್ತದೆ. ಒಂದು ಬಟ್ಟೆಯಲ್ಲಿ ಎತ್ತಿ, ಇನ್ನೊಂದು ಸ್ವಚ್ಛ ಬಟ್ಟೆಯಲ್ಲಿ ಹೊಳಪು ತನ್ನಿ.

ಅವತ್ತು ರಾತ್ರಿ ಕಾರು ಸೂರಿನಡಿ ಇರಲಿ. ಚಳಿಗಾಲದ ಇಬ್ಬನಿ ಬಿದ್ದರೂ ಹೊಸ ಸೀಲೆಂಟಿಗೆ ಒಳ್ಳೆಯದಲ್ಲ. ಕಪ್ಪು ಪ್ಲಾಸ್ಟಿಕ್ಕಿಗೆ ವ್ಯಾಕ್ಸ್ ತಾಗಿ ಬಿಳಿ ಕಲೆ ಆದರೆ ಮಕ್ಕಳ ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ನೋಡಿ, ಹೋಗುತ್ತದೆ.

ಆಮೇಲಿನ ದಿನಗಳು

ಪಕ್ಕದ ಮನೆಯ ಹುಡುಗ ಒಂದು ದಿನ ಕೇಳಿದ: ‘ಅಣ್ಣಾ, ಸ್ವಲ್ಪ ಡೀಸೆಲ್ ಹಾಕಿ ಒರೆಸಿದ್ರೆ ಸಾಕಲ್ವಾ, ಫಳಫಳ ಹೊಳೀತದೆ.’ ಹೊಳೆಯುತ್ತದೆ, ಒಂದು ದಿನ. ಆಮೇಲೆ ಆ ಜಿಡ್ಡಿಗೆ ಊರ ಧೂಳೆಲ್ಲ ಅಂಟುತ್ತದೆ, ರಬ್ಬರ್ ಪಟ್ಟಿಗಳು ಉಬ್ಬುತ್ತವೆ. ಅದಕ್ಕಿಂತ ದೊಡ್ಡ ತಪ್ಪು, ಬೆಳಗ್ಗೆ ಎದ್ದು ಒಣ ಬಟ್ಟೆಯಲ್ಲಿ ಧೂಳು ಒರೆಸುವುದು. ಸುಳಿಗೆರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲೇ. ಧೂಳಿದ್ದರೆ ನೀರು ಹಾಕಿ, ನೀರಿಲ್ಲದಿದ್ದರೆ ಧೂಳನ್ನು ಹಾಗೇ ಬಿಡಿ. ಧೂಳು ಸುಮ್ಮನೆ ಕೂತರೆ ಪೇಂಟಿಗೆ ಏನೂ ಆಗುವುದಿಲ್ಲ.

ಕವರ್ ಬಗ್ಗೆ ಹಲವರು ಕೇಳುತ್ತಾರೆ. ಬಯಲಲ್ಲಿ ನಿಲ್ಲುವ ಕಾರಿಗೆ ಕರಾವಳಿಯ ಗಾಳಿಯಲ್ಲಿ ಕವರ್ ಹೊದಿಸಿದರೆ ಅದು ದಿನವಿಡೀ ಪಟಪಟ ಬಡಿದು ಉಜ್ಜುತ್ತದೆ. ಮಳೆಗಾಲದಲ್ಲಿ ಒಳಗೆ ತೇವ ಹಿಡಿದು ಬೂಷ್ಟು. ಶೆಡ್ಡಿನೊಳಗೆ, ತೊಳೆದ ಕಾರಿಗೆ ಮಾತ್ರ ಕವರ್ ಸರಿ.

ವಾರಕ್ಕೊಮ್ಮೆ ಬರೀ ಸಿಹಿನೀರು ಹಾಯಿಸಿ, ತಳಭಾಗಕ್ಕೂ. ನೀರು ಮಣಿ ಮಣಿಯಾಗಿ ಉರುಳಿದರೆ ವ್ಯಾಕ್ಸ್ ಇದೆ ಅಂತ. ಹಾಳೆಯ ಹಾಗೆ ಹರಡಿ ನಿಂತರೆ ಮತ್ತೆ ಹಚ್ಚುವ ಕಾಲ ಬಂತು.

ಆಯುಧ ಪೂಜೆಯ ಬಗ್ಗೆಯೂ ಹೇಳಬೇಕು. ಬಾನೆಟ್ಟಿಗೆ ಕುಂಕುಮ, ಅರಿಶಿನ, ಗಂಧ ಹಚ್ಚುತ್ತೇವೆ, ಹಚ್ಚಲೇಬೇಕು. ಗಾಜಿನ ಮೇಲೋ ನಂಬರ್ ಪ್ಲೇಟಿನ ಮೇಲೋ ಹಚ್ಚಿದರೆ ಪೇಂಟಿಗೆ ಕಲೆ ಇಲ್ಲ. ಬಾನೆಟ್ಟಿಗೇ ಬೇಕು ಅಂದರೆ ಪೂಜೆಯ ಮುಂಚಿನ ವಾರ ವ್ಯಾಕ್ಸ್ ಹಚ್ಚಿರಿ. ಮಾರನೇ ದಿನ ಒಣಗಿದ್ದನ್ನು ಬಟ್ಟೆಯಲ್ಲಿ ತಿಕ್ಕದೆ, ನೀರು ಹಾಕಿ ನೆನೆಸಿ ಇಳಿಸಿ. ನಿಂಬೆಹಣ್ಣು ಚಕ್ರದ ಕೆಳಗಿರಲಿ, ಕತ್ತರಿಸಿದ ಹೋಳು ಬಾನೆಟ್ಟಿನ ಮೇಲೆ ಬಿಸಿಲಿಗೆ ಇರುವುದು ಬೇಡ. ಹೂವಿನ ಮಾಲೆಯನ್ನು ತಂತಿಯ ಬದಲು ಬಾಳೆನಾರಿನಲ್ಲಿ ಕಟ್ಟಿ, ಸಂಜೆಯೇ ಬಿಚ್ಚಿಡಿ.